ಹದಿನೆಂಟು

ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ:
ಇಪ್ಪತ್ತೆರಡು ವರ್ಷ ನಾನು ಯಾರ ಉಸಿರನ್ನೂ ಎಣಿಸಲಿಲ್ಲ.
ನಾಡಿ ಹಿಡಿದೆ, ಜ್ವರ ನೋಡಿದೆ, ಮೂತ್ರ ಅಳೆದೆ.
ಉಸಿರಿನ ಕಾಲಮ್ಮಿಗೆ ಬಂದಾಗ
ಮಂಚದ ಕಡೆ ಒಮ್ಮೆ ಕಣ್ಣು ಹಾಯಿಸಿ
ಹದಿನೆಂಟು ಅಂತ ಬರೆದೆ.

ಎಲ್ಲ ನರ್ಸುಗಳೂ ಹಾಗೇ ಬರೆಯುತ್ತಿದ್ದೆವು.
ಕನ್ಸೆಪ್ಸಿಯೋನಿನ ಈ ಆಸ್ಪತ್ರೆಯಲ್ಲಿ
ಬದುಕುವವರೂ ಹದಿನೆಂಟು, ಸಾಯುವವರೂ ಹದಿನೆಂಟು.
ಒಬ್ಬ ಮುದುಕ ಬೆಳಗಿನ ಐದಕ್ಕೆ ತೀರಿಕೊಂಡ.
ನಾನು ಆಗಲೇ
ಆರು ಗಂಟೆಯ ಹದಿನೆಂಟನ್ನೂ ಬರೆದಿಟ್ಟಿದ್ದೆ.

ಆಮೇಲೆ ಈ ಪಟ್ಟಿ ಬಂತು.
ಹದಿನಾರು ಬಿಲ್ಲೆ ಹೊಲಿದ ಬಟ್ಟೆಪಟ್ಟಿ,
ಎದೆಗೆ ಸುತ್ತಿ ಕಟ್ಟಬೇಕು,
ಹಡೆದವಳಿಗೆ ಹೊಟ್ಟೆ ಬಿಗಿಯುವ ಹಾಗೆ.
ಸೂಜಿ ಇಲ್ಲ, ಗಂಟಲೊಳಗೆ ನಳಿಗೆ ಇಲ್ಲ.
ಇರುವೆಗೂ ತಿಳಿಯದಷ್ಟು ವಿದ್ಯುತ್ತು
ಬಿಲ್ಲೆಯಿಂದ ಬಿಲ್ಲೆಗೆ ಕೇಳುತ್ತಾ ಹೋಗುತ್ತದೆ:
ಇಲ್ಲಿ ಗಾಳಿಯೋ? ಇಲ್ಲಿ ನೀರೋ?
ಪರದೆಯ ಮೇಲೆ ಎರಡು ನೀಲಿ ತೇಪೆ
ಬೆಳಗುತ್ತವೆ, ಕಂದುತ್ತವೆ, ಬೆಳಗುತ್ತವೆ.

ಏಳನೇ ಮಂಚ, ಬೆಲಾರ್ಮಿನೊ ಸಾನ್ವೇಸಾ,
ಲೋತಾದ ಗಣಿಯವನು.
ಕಡಲ ತಳದ ಅಡಿಯಲ್ಲಿ, ತಲೆಯ ಮೇಲೆ ಪೆಸಿಫಿಕ್,
ನಡುವೆ ಒಂದಿಷ್ಟು ಬಂಡೆ,
ಅಲ್ಲಿ ಮಗ್ಗುಲಾಗಿ ಮಲಗಿ ಕಲ್ಲಿದ್ದಲು ಕಡಿದವನು.
ಎಲ್ಲಿ ಗಾಳಿ ಸತ್ತಿದೆ ಎಂದು
ದೀಪದ ಕುಡಿ ನೋಡಿಯೇ ಹೇಳುತ್ತಿದ್ದನಂತೆ.
ಈಗ ನ್ಯುಮೋನಿಯಾ.
ಮೂಗಿಗೆ ಬಿಸಿಗಾಳಿಯ ಕೊಳವೆ,
ಮೇಸ್ತ್ರಿಗಳನ್ನು ನೋಡುವ ಹಾಗೆ ನಮ್ಮನ್ನು ನೋಡುತ್ತಾನೆ.
ಗಂಟಲಿಗೆ ಮಾತ್ರ ಏನೂ ತೂರಿಸಬೇಡಿ ಎಂಬ ಕಾಗದಕ್ಕೆ
ಸಹಿ ಹಾಕಿದ್ದಾನೆ,
ಬಳಪ ಹಿಡಿದ ಮಗುವಿನ ಅಕ್ಷರ.

ಹೆಂಡತಿ ಇಸ್ಮೇನಿಯಾ.
ಗಣಿಕೇರಿಯ ಹತ್ತಾರು ಮನೆಗೆ ಸೇರಿದ ಒಂದು ಒಲೆಯಲ್ಲಿ
ಬ್ರೆಡ್ಡು ಸುಟ್ಟು ಆರು ಮಕ್ಕಳನ್ನು ಸಾಕಿದವಳು.
ಎರಡು ರಾತ್ರಿ ಪರದೆಯನ್ನು ಸುಮ್ಮನೆ ನೋಡಿದಳು.
ಮೂರನೆಯ ರಾತ್ರಿ, ಎರಡೂ ಮುಕ್ಕಾಲಿಗೆ,
ನನ್ನ ತೋಳು ತಟ್ಟಿದಳು:
"ಮಗಳೇ, ಬಲಗಡೆಯ ಒಲೆ ಆರುತ್ತಿದೆ."

ಅಲ್ಲಮ್ಮ, ಪರದೆಯ ಬಲ ಅಂದರೆ ಅವರ ಎಡ
ಎಂದು ತಿದ್ದಲು ಹೋದ ಬಾಯಿ
ಅಲ್ಲೇ ನಿಂತಿತು.
ಎಡ ಶ್ವಾಸಕೋಶದ ಬೆನ್ನಿನ ಕಡೆ
ಕಾವಲಿಯ ತಳದಂತೆ ಕಪ್ಪು.
ಬೆರಳ ತುದಿಯ ಕೆಂಪು ದೀಪ ಇನ್ನೂ
ತೊಂಬತ್ತಮೂರು, ಗಾಬರಿ ಬೇಡ ಎನ್ನುತ್ತಿತ್ತು.
ಉಸಿರಿನ ಲೆಕ್ಕ ಮೂವತ್ತೊಂದು.
ನನ್ನ ಹಾಳೆಯಲ್ಲಿ, ಕೈಗೆ ಬಿದ್ದ ರೂಢಿ,
ಹದಿನೆಂಟು.

ಡಾಕ್ಟರಿಗೆ ಫೋನು ಮಾಡಿದೆ. ಅವರು ಬರುವಷ್ಟರಲ್ಲಿ
ನಾನು, ಇಸ್ಮೇನಿಯಾ, ನೆಲ ಒರೆಸುತ್ತಿದ್ದ ಒಸ್ಬಾಲ್ದೊ,
ಹಾಸಿನ ಅಂಚು ಹಿಡಿದು
ಒಂದು, ಎರಡು, ಹೂಂ,
ಬಲಮಗ್ಗುಲಿಗೆ ಹೊರಳಿಸಿದೆವು.
ಎಡ ಮೇಲಾಯಿತು.
ಅವನು ನರಳಿ, ಗಣಿಯ ಬೈಗುಳವೊಂದನ್ನು ಬೈದ.
ಇಸ್ಮೇನಿಯಾ ನಕ್ಕಳು,
ಮದುವೆಯಾದ ವಾರದಿಂದ ಕೇಳಿದ್ದಳು ಅದನ್ನು.

ಕಾದೆವು.
ನಾದಿದ ಹಿಟ್ಟಿಗೆ ಬಟ್ಟೆ ಹೊದೆಸಿ ಕಾಯುವುದು
ಅವಳಿಗೆ ಗೊತ್ತು, ನನಗೆ ಗೊತ್ತಿರಲಿಲ್ಲ:
ಪದೇ ಪದೇ ಇಣುಕಬಾರದು,
ಬಾಗಿಲು ತೆರೆದಿಟ್ಟರೆ ಉಬ್ಬಿದ್ದೂ ಕುಸಿಯುತ್ತದೆ.
ಮೂರೂ ಇಪ್ಪತ್ತಕ್ಕೆ ಕಪ್ಪಿನ ಅಂಚಿನಲ್ಲಿ
ಒಂದು ಚೂರು ನೀಲಿ, ಉಗುರಿನಷ್ಟು.
ಹೋಯಿತು.
ಮತ್ತೆ ಬಂತು.

ಗುಣವಾದನೇ ಎಂದು ಕೇಳಬೇಡಿ, ಪಟ್ಟಿ ಅದನ್ನು ಹೇಳುವುದಿಲ್ಲ.
ಗಾಳಿ ಎಲ್ಲಿಯವರೆಗೆ ಹೋಗುತ್ತಿದೆ ಎಂದಷ್ಟೇ ಹೇಳುತ್ತದೆ.
ಡಾಕ್ಟರು ಬಂದರು, ಏನೇನೋ ಗುಂಡಿ ತಿರುಗಿಸಿದರು, ಹೋದರು.

ಹಾಳೆಯ ಮೇಲಿನ ಸಂಖ್ಯೆ ಹೊಡೆದು ಹಾಕಿದೆ.
ಪರದೆಯಲ್ಲಿ ಅಂಕಿ ಇದ್ದೇ ಇತ್ತು, ಆದರೂ
ಮುದುಕನ ಹೊಟ್ಟೆಯ ಮೇಲೆ ಅಂಗೈ ಇಟ್ಟು
ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಕೂತೆ.
ಇಪ್ಪತ್ತಾರು.
ಇಸ್ಮೇನಿಯಾ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಳು,
ಬಾಯಿ ತುಸು ತೆರೆದು, ಚಪ್ಪಲಿ ಕಳಚಿ.
ಯಾವ ಹಾಳೆಗೂ ಬೇಡದ
ಅವಳ ಉಸಿರನ್ನೂ ಎಣಿಸಿದೆ:
ಹದಿನಾಲ್ಕು.